ಊರು ಸಾಕಿದ ದನಿ

1603ರ ನವೆಂಬರ್ 1ರಂದು ಇಂಗ್ಲೆಂಡಿನ ಪೂರ್ವ ಭಾಗದ ಇಪ್ಸ್‌ವಿಚ್ ಪಟ್ಟಣದ ಆಡಳಿತ ಮಂಡಳಿ ಒಂದು ನೇಮಕ ಮಾಡಿತು. ಹುದ್ದೆ ಪಟ್ಟಣದ ಉಪದೇಶಕನದು. ನೇಮಕವಾದವನು ಇಪ್ಪತ್ತಾರರ ಆಸುಪಾಸಿನ ಸ್ಯಾಮುಯೆಲ್ ವಾರ್ಡ್. ಸಂಬಳ ವರ್ಷಕ್ಕೆ ನೂರು ಮಾರ್ಕ್, ಅಂದರೆ ಅರವತ್ತಾರು ಪೌಂಡಿಗೆ ತುಸು ಮೇಲೆ. ಮನೆ ಬಾಡಿಗೆಯ ಹಣ ಬೇರೆ. ಹಳ್ಳಿಗಾಡಿನ ಎಷ್ಟೋ ಪಾದ್ರಿಗಳು ಇದಕ್ಕಿಂತ ತೀರಾ ಕಡಿಮೆ ಹಣದಲ್ಲಿ ಸಂಸಾರ ತೂಗಿಸುತ್ತಿದ್ದ ಕಾಲ ಅದು. ವ್ಯಾಪಾರಿಗಳೂ ಬಟ್ಟೆ ತಯಾರಿಸುವವರೂ ಹಡಗಿನ ಮಾಲೀಕರೂ ತುಂಬಿದ್ದ ಸಭೆಯೊಂದು, ವೇದಿಕೆ ಹತ್ತಿ ಮಾತಾಡುವುದಕ್ಕಾಗಿಯೇ ಒಬ್ಬ ಯುವಕನಿಗೆ ಇಷ್ಟು ಹಣ ಕೊಡಲು ಒಪ್ಪಿತ್ತು. ಮುಂದಿನ ವರ್ಷಗಳಲ್ಲಿ ಆ ಸಂಬಳ ತೊಂಬತ್ತು ಪೌಂಡಾಯಿತು, ಬಳಿಕ ನೂರಾಯಿತು. ಆ ಹಣಕ್ಕೆ ಪ್ರತಿಯಾಗಿ ಊರಿಗೆ ಸಿಕ್ಕಿದ್ದು ಮೂರು ದಶಕಗಳ ಪ್ರವಚನ, ದೊರೆಯ ಆಸ್ಥಾನವನ್ನೇ ಕೆಣಕಿದ ಒಂದು ಚಿತ್ರ, ಮತ್ತೆ ಮತ್ತೆ ಬಂದ ಮೊಕದ್ದಮೆಗಳು.

ಈ ಹುದ್ದೆಯ ವಿಶೇಷ ಅರ್ಥವಾಗಬೇಕಾದರೆ ಆಗಿನ ಇಂಗ್ಲೆಂಡಿನ ಚರ್ಚು ಹೇಗೆ ನಡೆಯುತ್ತಿತ್ತು ಎಂದು ತಿಳಿದಿರಬೇಕು. ಎಂಟನೇ ಹೆನ್ರಿ ರೋಮಿನ ಪೋಪ್ ಜೊತೆ ಸಂಬಂಧ ಕಡಿದುಕೊಂಡ ಮೇಲೆ ದೊರೆಯೇ ಚರ್ಚಿನ ಯಜಮಾನ. ಅವನ ಕೆಳಗೆ ಬಿಷಪ್ಪರು, ಅವರ ಕೆಳಗೆ ಊರೂರಿನ ಪಾದ್ರಿಗಳು. ಆದರೆ ಎಲ್ಲ ಪಾದ್ರಿಗಳಿಗೂ ಪ್ರವಚನ ಮಾಡುವ ಪರವಾನಗಿ ಇರಲಿಲ್ಲ. ಇಲ್ಲದವರು ಸರ್ಕಾರ ಅಚ್ಚು ಹಾಕಿಸಿಕೊಟ್ಟ ಉಪದೇಶದ ಪುಸ್ತಕದಿಂದ ಓದಿ ಮುಗಿಸುತ್ತಿದ್ದರು. ಬೈಬಲ್ಲನ್ನು ತಮ್ಮ ಭಾಷೆಯಲ್ಲಿ ಓದಲು ಕಲಿತಿದ್ದ ಜನಕ್ಕೆ ಇದು ಸಾಲಲಿಲ್ಲ. ಅದರಲ್ಲೂ ಚರ್ಚಿನ ಸುಧಾರಣೆ ಅರ್ಧಕ್ಕೇ ನಿಂತಿದೆ, ಅದು ಪೂರ್ತಿಯಾಗಬೇಕು ಎನ್ನುತ್ತಿದ್ದ ಪ್ಯೂರಿಟನ್ನರಿಗೆ ಪ್ರವಚನವೇ ಧರ್ಮದ ಉಸಿರು. ಅವರು ಕಂಡುಕೊಂಡ ದಾರಿ ಸರಳವಾಗಿತ್ತು. ಚೆನ್ನಾಗಿ ಮಾತಾಡಬಲ್ಲ ಪಂಡಿತನನ್ನು ಊರೇ ಹುಡುಕುವುದು, ಊರೇ ಸಂಬಳ ಕೊಡುವುದು. ಬಿಷಪ್ಪನ ಪರವಾನಗಿ ಇವನಿಗೂ ಬೇಕಿತ್ತು. ಆದರೆ ಅನ್ನ ಬರುತ್ತಿದ್ದದ್ದು ಊರಿನಿಂದ. ಈ ಒಂದು ವ್ಯತ್ಯಾಸದಿಂದಲೇ ಮುಂದಿನ ಜಗಳಗಳೆಲ್ಲ ಹುಟ್ಟಿದವು.

ಇಪ್ಸ್‌ವಿಚ್ ಇಂಥ ಖರ್ಚನ್ನು ತಡೆದುಕೊಳ್ಳಬಲ್ಲ ಊರು. ಆರ್ವೆಲ್ ನದಿಯ ಅಳಿವೆಯ ಮೇಲಿನ ಬಂದರು. ಸಫೋಕ್ ಸೀಮೆಯ ಉಣ್ಣೆಬಟ್ಟೆ ಇಲ್ಲಿಂದ ಹಡಗು ಹತ್ತಿ ಹೊರದೇಶಗಳಿಗೆ ಹೋಗುತ್ತಿತ್ತು, ನ್ಯೂಕ್ಯಾಸಲ್ಲಿನ ಕಲ್ಲಿದ್ದಲು ಸಾಗಿಸುವ ಹಡಗುಗಳನ್ನು ಇಲ್ಲೇ ಕಟ್ಟುತ್ತಿದ್ದರು. ಊರನ್ನು ಆಳುತ್ತಿದ್ದವರು ಇಬ್ಬರು ಬೇಲಿಫರು, ಹನ್ನೆರಡು ಮಂದಿ ಪೋರ್ಟ್‌ಮನ್‌ಗಳು, ಅವರಿಗೆ ಜೊತೆಯಾಗಿ ಇಪ್ಪತ್ನಾಲ್ಕು ಜನರ ಮಂಡಳಿ. ಹೆನ್ರಿಯ ಮಹಾಮಂತ್ರಿಯಾಗಿ ಮೆರೆದ ಕಾರ್ಡಿನಲ್ ವುಲ್ಸಿ ಹುಟ್ಟಿದ್ದೂ ಇದೇ ಊರಿನಲ್ಲಿ. ಪಟ್ಟಣದಲ್ಲಿ ಹತ್ತಾರು ಚರ್ಚುಗಳಿದ್ದರೂ ಆಡಳಿತ ಮಂಡಳಿ ತನ್ನದೆಂದು ಭಾವಿಸಿದ್ದು ಸೇಂಟ್ ಮೇರಿ ಲೆ ಟವರ್ ಚರ್ಚನ್ನು. ವಾರ್ಡ್ ಮಾತಾಡುತ್ತಿದ್ದದ್ದು ಅಲ್ಲಿಂದ.

ವಾರ್ಡ್ ಹುಟ್ಟಿದ್ದು 1577ರಲ್ಲಿ, ಅದೇ ಸಫೋಕ್ ಸೀಮೆಯ ಹೇವರಿಲ್ ಎಂಬ ಸಣ್ಣ ಊರಿನಲ್ಲಿ. ತಂದೆ ಜಾನ್ ವಾರ್ಡ್ ಅಲ್ಲಿಯ ಹೆಸರಾಂತ ಉಪದೇಶಕ. ತಂದೆ ತೀರಿಕೊಂಡ ಮೇಲೆ ತಾಯಿ ಸೂಸನ್ ಮದುವೆಯಾದದ್ದೂ ಇನ್ನೊಬ್ಬ ಪ್ರಸಿದ್ಧ ಪ್ಯೂರಿಟನ್ ಉಪದೇಶಕ ರಿಚರ್ಡ್ ರಾಜರ್ಸ್‌ನನ್ನು. ಹಾಗಾಗಿ ಎರಡೂ ಕಡೆಯಿಂದ ಪ್ರವಚನವೇ ಮನೆತನದ ಕಸುಬು. ರಾಣಿ ಎಲಿಜಬೆತಳ ಮಂತ್ರಿ ಲಾರ್ಡ್ ಬರ್ಲಿಯ ಶಿಫಾರಸಿನಿಂದ ಹುಡುಗ ಕೇಂಬ್ರಿಡ್ಜಿನ ಸೇಂಟ್ ಜಾನ್ಸ್ ಕಾಲೇಜು ಸೇರಿದ. 1599ರಲ್ಲಿ, ಹೊಸದಾಗಿ ಶುರುವಾಗಿದ್ದ ಸಿಡ್ನಿ ಸಸೆಕ್ಸ್ ಕಾಲೇಜಿನ ಮೊದಲ ಫೆಲೋಗಳಲ್ಲಿ ಒಬ್ಬನಾದ. (ಇದೇ ಕಾಲೇಜಿಗೆ ಮುಂದೆ ಮುಖ್ಯಸ್ಥನಾಗಿ ಬಂದ, ಜೇಮ್ಸ್ ದೊರೆಯ ಬೈಬಲ್ ಅನುವಾದದಲ್ಲಿ ಕೈಜೋಡಿಸಿದ ವಿದ್ವಾಂಸನ ಹೆಸರೂ ಸ್ಯಾಮುಯೆಲ್ ವಾರ್ಡ್. ಅವನು ಬೇರೆ, ಇವನು ಬೇರೆ.) ಫೆಲೋ ಆದವರು ಮದುವೆಯಾಗುವಂತಿರಲಿಲ್ಲ. 1604ರಲ್ಲಿ ಡೆಬೊರಾ ಬೋಲ್ಟನ್ ಎಂಬ ವಿಧವೆಯ ಕೈಹಿಡಿದು ವಾರ್ಡ್ ಕಾಲೇಜಿನ ನಂಟು ಬಿಟ್ಟ. ಅಷ್ಟರಲ್ಲಿ ಇಪ್ಸ್‌ವಿಚ್ ಅವನ ಊರಾಗಿತ್ತು.

ಆ ಕಾಲದ ಪ್ರವಚನವನ್ನು ಇಂದಿನ ಭಾನುವಾರದ ಪ್ರಾರ್ಥನೆಯ ನಡುವೆ ಬರುವ ಹತ್ತು ನಿಮಿಷದ ಮಾತು ಎಂದುಕೊಳ್ಳಬಾರದು. ಅದು ಗಂಟೆಗಟ್ಟಲೆ ನಡೆಯುತ್ತಿತ್ತು. ವೇದಿಕೆಯ ಮೇಲೆ ಮರಳುಗಡಿಯಾರ ಇರುತ್ತಿತ್ತು. ಕೇಳುಗರಲ್ಲಿ ಬರೆಯಬಲ್ಲವರು ಟಿಪ್ಪಣಿ ಮಾಡಿಕೊಂಡು, ಮನೆಗೆ ಹೋಗಿ ಹೆಂಡತಿ ಮಕ್ಕಳು ಆಳುಗಳನ್ನೆಲ್ಲ ಕೂರಿಸಿಕೊಂಡು ಅದನ್ನು ಮತ್ತೆ ಹೇಳುತ್ತಿದ್ದರು. ಪತ್ರಿಕೆಗಳಿನ್ನೂ ಹುಟ್ಟದಿದ್ದ ಊರಿನಲ್ಲಿ ಸುದ್ದಿ, ವಿಮರ್ಶೆ, ಬುದ್ಧಿವಾದ ಎಲ್ಲ ಒಂದೇ ಬಾಯಿಂದ ಬರಬೇಕಿತ್ತು. ಆ ಬಾಯಿ ವಾರ್ಡನದು.

ಅಚ್ಚಾಗಿ ಉಳಿದಿರುವ ಅವನ ಪ್ರವಚನಗಳನ್ನು ಓದಿದರೆ ಅವನ ಶಕ್ತಿ ಎಲ್ಲಿತ್ತೆಂದು ತಿಳಿಯುತ್ತದೆ. ಅವನು ಸುತ್ತಿ ಬಳಸಿ ಮಾತಾಡುವುದಿಲ್ಲ. ಕುಡಿತದ ವಿರುದ್ಧದ ಅವನ ಪ್ರವಚನ 1622ರಲ್ಲಿ ಪುಸ್ತಕವಾಯಿತು. ಶಾಸ್ತ್ರದ ಮಾತುಗಳ ಬೆನ್ನಿಗೇ ಅಲ್ಲಿ ಸುತ್ತಮುತ್ತಲ ಊರುಗಳಲ್ಲಿ ನಡೆದವೆಂದು ಅವನು ನಂಬಿದ್ದ ಸಾವುಗಳ ಪಟ್ಟಿಯೇ ಬರುತ್ತದೆ. ಇಪ್ಸ್‌ವಿಚ್ ಪಕ್ಕದ ಕೆಸ್‌ಗ್ರೇವ್‌ನಲ್ಲಿ ಹೆಂಡದಂಗಡಿ ನಡೆಸುತ್ತಿದ್ದ ಒಬ್ಬ ಹೆಂಗಸಿನ ಕಥೆ ಅದರಲ್ಲೊಂದು. ಹೊರಟು ನಿಂತಿದ್ದ ಮೂವರು ಆಳುಗಳನ್ನು ಅವಳು ಬಿಡುವುದಿಲ್ಲ. ತಲೆಯಿಂದ ಬುದ್ಧಿ, ಚೀಲದಿಂದ ದುಡ್ಡು, ಪಾತ್ರೆಯಿಂದ ಹೆಂಡ, ಮೂರೂ ಖಾಲಿಯಾಗುವ ತನಕ ಕುಡಿಯಿರಿ ಎಂದು ಒತ್ತಾಯಿಸುತ್ತಾಳೆ. ಪಾತ್ರೆ ಹಿಡಿದು ಅವರತ್ತ ಬರುವಷ್ಟರಲ್ಲಿ ಅವಳ ನಾಲಿಗೆ ಬಾತು ಮಾತು ನಿಂತುಹೋಗುತ್ತದೆ. ಇಂಥ ಸಾವುಗಳನ್ನು ದೇವರ ಶಿಕ್ಷೆ ಎಂದು ಎಣಿಸುವುದು ಇಂದಿನ ಓದುಗರಿಗೆ ಕ್ರೂರವಾಗಿ ಕಾಣುತ್ತದೆ, ಕ್ರೂರವೂ ಹೌದು. ಆದರೆ ಕೇಳುಗರಿಗೆ ಗೊತ್ತಿದ್ದ ಹಳ್ಳಿ, ಗೊತ್ತಿದ್ದ ಅಂಗಡಿ, ಕಿವಿಗೆ ಬಿದ್ದಿದ್ದ ಮಾತು ಅಲ್ಲಿ ಇದ್ದವು. ಸಂತೆಯಲ್ಲಿ ಕೇಳಿದ್ದನ್ನೇ ಚರ್ಚಿನಲ್ಲಿ ಕೇಳಿಸಿ ಬೆಚ್ಚಿಬೀಳಿಸುವ ಕಲೆ ಅವನಿಗೆ ಒಲಿದಿತ್ತು. ಆ ಪುಸ್ತಕದ ಮುಖಪುಟವೂ ಹಾಗೆಯೇ. ಒಂದು ಕಡೆ ಹಿಂದಿನವರ ಕೈಯಲ್ಲಿ ಈಟಿ, ಕಾಲಲ್ಲಿ ಯುದ್ಧದ ಕವಚ. ಇನ್ನೊಂದು ಕಡೆ ಈಗಿನವರ ಕೈಯಲ್ಲಿ ಹೊಗೆಸೊಪ್ಪಿನ ಕೊಳವೆ ಮತ್ತು ಮದ್ಯದ ಬಟ್ಟಲು.

ಅಧಿಕಾರದಲ್ಲಿದ್ದವರನ್ನೂ ಅವನು ಬಿಡಲಿಲ್ಲ. ಬರಿ ಸೇಂಟ್ ಎಡ್ಮಂಡ್ಸ್ ಊರಿನಲ್ಲಿ ನ್ಯಾಯಾಧೀಶರು ವಿಚಾರಣೆಗೆ ಕೂರುವ ಸಂದರ್ಭದಲ್ಲಿ ಅವನು ಮಾಡಿದ ಪ್ರವಚನ 1618ರಲ್ಲಿ ಅಚ್ಚಾಯಿತು. ದೇವರಿಗೆ ಹೆದರುವವರನ್ನು, ದುರಾಸೆಯನ್ನು ದ್ವೇಷಿಸುವವರನ್ನು ಅಧಿಕಾರದಲ್ಲಿ ಕೂರಿಸು ಎಂದು ಮೋಶೆಗೆ ಅವನ ಮಾವ ಇತ್ರೋನನು ಹೇಳುವ ಬೈಬಲ್ಲಿನ ಪ್ರಸಂಗವೇ ಅದರ ವಸ್ತು. ಲಂಚ ತಿನ್ನುವ ಗುಮಾಸ್ತರಿಂದ ಹಿಡಿದು ನ್ಯಾಯಪೀಠದ ತನಕ ಯಾರನ್ನೂ ಅದರಲ್ಲಿ ಬಿಟ್ಟಿಲ್ಲ. ಪುಸ್ತಕವನ್ನು ಅರ್ಪಿಸಿದ್ದು ದೇಶದ ಅತ್ಯುನ್ನತ ನ್ಯಾಯಾಧಿಕಾರಿ ಲಾರ್ಡ್ ಛಾನ್ಸಲರ್ ಫ್ರಾನ್ಸಿಸ್ ಬೇಕನ್‌ಗೆ. ಮೂರೇ ವರ್ಷದಲ್ಲಿ ಅದೇ ಬೇಕನ್ ಲಂಚದ ಆರೋಪ ಒಪ್ಪಿಕೊಂಡು ಪದವಿ ಕಳೆದುಕೊಂಡ.

ಬೇಕನ್ ಬಿದ್ದ ಆ 1621ರಲ್ಲೇ ವಾರ್ಡ್ ಕೂಡ ದೊರೆಯ ಮಂತ್ರಾಲೋಚನಾ ಸಭೆಯ ಮುಂದೆ ನಿಲ್ಲಬೇಕಾಯಿತು. ಅವನ ತಪ್ಪು ಒಂದು ಚಿತ್ರ.

ಆಂಸ್ಟರ್‌ಡ್ಯಾಮಿನಲ್ಲಿ ಅಚ್ಚಾದ ಆ ಹಾಳೆಯ ವಿಷಯ ಇಂಗ್ಲೆಂಡಿಗೆ ಸಿಕ್ಕಿದ ಎರಡು ಬಿಡುಗಡೆಗಳು. ಎಡಗಡೆ 1588ರಲ್ಲಿ ಸ್ಪೇನಿನ ದೊರೆ ದಂಡೆತ್ತಿ ಕಳಿಸಿದ ಸುಮಾರು 130 ಹಡಗುಗಳ ಆರ್ಮಡಾ, ಅದರ ಮೇಲೆ ಬೀಸುತ್ತಿರುವ ದೇವರ ಗಾಳಿ. ಬಲಗಡೆ 1605ರ ಮದ್ದಿನ ಪಿತೂರಿ. ಪಾರ್ಲಿಮೆಂಟ್ ಭವನದ ಕೆಳಗೆ ಮೂವತ್ತಾರು ಪೀಪಾಯಿ ಮದ್ದು ತುಂಬಿಸಿಟ್ಟು ದೊರೆಯನ್ನೂ ಸಭೆಯನ್ನೂ ಒಟ್ಟಿಗೇ ಉಡಾಯಿಸಲು ಹೊರಟ ಗೈ ಫಾಕ್ಸ್ ಕಂದೀಲು ಹಿಡಿದು ನಡೆಯುತ್ತಿದ್ದಾನೆ. ಆಕಾಶದಿಂದ ದೇವರ ಕಣ್ಣಿನ ಬೆಳಕು ನೇರ ಅವನ ಮೇಲೆ ಬೀಳುತ್ತಿದೆ. ನಡುವೆ ಒಂದು ಡೇರೆ. ಅದರೊಳಗೆ ಮೇಜಿನ ಸುತ್ತ ಪೋಪ್, ಸ್ಪೇನಿನ ದೊರೆ, ಪಾದ್ರಿಗಳು, ಜೊತೆಗೆ ಸೈತಾನ. ಎಲ್ಲರೂ ತಲೆಗೆ ತಲೆ ಕೊಟ್ಟು ಸಂಚು ಹೂಡುತ್ತಿದ್ದಾರೆ. ಚಿತ್ರದ ಕಲ್ಪನೆ ಇಪ್ಸ್‌ವಿಚ್ಚಿನ ಉಪದೇಶಕ ಸ್ಯಾಮುಯೆಲ್ ವಾರ್ಡನದು ಎಂದು ಹಾಳೆಯ ಮೇಲೆಯೇ ಬರೆದಿತ್ತು. ಹೆಸರು ಮುಚ್ಚಿಟ್ಟುಕೊಳ್ಳುವ ಯೋಚನೆಯೇ ಅವನಿಗಿರಲಿಲ್ಲ.

ಹೊತ್ತು ಮಾತ್ರ ಬಲು ಸೂಕ್ಷ್ಮವಾಗಿತ್ತು. ಆಗ ದೊರೆ ಜೇಮ್ಸ್ ತನ್ನ ಮಗ ಚಾರ್ಲ್ಸ್‌ಗೆ ಸ್ಪೇನಿನ ರಾಜಕುಮಾರಿಯನ್ನು ತರುವ ಮಾತುಕತೆ ನಡೆಸುತ್ತಿದ್ದ. ಅತ್ತ ಜರ್ಮನಿಯಲ್ಲಿ ಅವನ ಅಳಿಯ ಫ್ರೆಡರಿಕ್‌ನ ಸೀಮೆಗೆ ಸ್ಪೇನಿನ ಸೈನ್ಯ ನುಗ್ಗಿತ್ತು. ಮದುವೆಯ ನಂಟಿನಿಂದ ಯುದ್ಧ ತಪ್ಪಿಸಬಹುದೆಂದು ದೊರೆಯ ಲೆಕ್ಕ. ಪ್ರಾಟೆಸ್ಟಂಟ್ ಪ್ರಜೆಗಳಿಗೆ ಅದು ಶತ್ರುವಿನ ಬಳಿ ಹೆಣ್ಣು ಕೇಳುವ ಅವಮಾನ. ಲಂಡನ್ನಿನಲ್ಲಿದ್ದ ಸ್ಪೇನಿನ ರಾಯಭಾರಿ ಕೌಂಟ್ ಗೊಂಡೊಮಾರ್ ದೊರೆಗೆ ಹತ್ತಿರದವನು, ಚಾಣಾಕ್ಷ. ಚಿತ್ರ ತನ್ನ ದೊರೆಗೆ ಮಾಡಿದ ಅಪಮಾನ ಎಂದು ಅವನು ದೂರಿತ್ತ. ವಾರ್ಡನನ್ನು ಹಿಡಿದು ಕೂಡಿಹಾಕಿದರು. ಎರಡು ದೊಡ್ಡ ಗಂಡಾಂತರಗಳಿಂದ ದೇಶ ಪಾರಾದದ್ದಕ್ಕೆ ಕೃತಜ್ಞತೆಯ ನೆನಪಾಗಿ ಇದನ್ನು ವರ್ಷಗಳ ಹಿಂದೆಯೇ ರಚಿಸಿದ್ದು, ಈಗಿನ ರಾಜಕೀಯಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಅವನು ಅರ್ಜಿ ಬರೆದುಕೊಂಡ. ಕೆಲಕಾಲದ ಬಂಧನದ ಬಳಿಕ ಅವನನ್ನು ಊರಿಗೆ ಬಿಟ್ಟರು.

ಇಂಗ್ಲೆಂಡಿನ ರಾಜಕೀಯ ವ್ಯಂಗ್ಯಚಿತ್ರದ ಇತಿಹಾಸ ಬರೆಯುವವರು ಆರಂಭದ ಪುಟಗಳಲ್ಲೇ ಈ ಹಾಳೆಯನ್ನು ನಿಲ್ಲಿಸುತ್ತಾರೆ. ಅದರ ಒಂದು ಪ್ರತಿ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದಕ್ಕಿಂತ ಕುತೂಹಲದ್ದು ಅದು ಜನರ ಮನೆಯೊಳಗೆ ಹೊಕ್ಕ ಬಗೆ. ಹೆಂಗಸರು ಆ ಚಿತ್ರವನ್ನು ನೋಡಿಕೊಂಡು ಬಟ್ಟೆಯ ಮೇಲೆ ಕಸೂತಿ ಹಾಕಿದರು. ಕೆಂಟ್ ಸೀಮೆಯ ಇಗ್ತಮ್ ಚರ್ಚಿನಲ್ಲಿ 1641ರಲ್ಲಿ ತೀರಿಕೊಂಡ ಡೇಮ್ ಡೊರೊಥಿ ಸೆಲ್ಬಿ ಎಂಬಾಕೆಯ ಸ್ಮಾರಕವಿದೆ. ಅವಳು ಸೂಜಿ ಕೆಲಸಕ್ಕೆ ಹೆಸರಾದವಳು. ಸ್ಮಾರಕದ ಕಲ್ಲಿನ ಮೇಲೆ ವಾರ್ಡನ ಚಿತ್ರದ ಮದ್ದಿನ ಪಿತೂರಿಯ ಭಾಗವನ್ನು ಕೊರೆದಿದ್ದಾರೆ. ಬರಬರುತ್ತಾ ಆ ಚಿತ್ರದ ಮೂಲ ಮರೆತುಹೋಯಿತು. ಪಿತೂರಿಯನ್ನು ಬಯಲಿಗೆ ತಂದವಳೇ ಈಕೆ ಎಂಬ ಕಥೆ ಸುತ್ತಲ ಊರುಗಳಲ್ಲಿ ಹುಟ್ಟಿಕೊಂಡಿತು. ಅವಳು ಬಟ್ಟೆಯ ಮೇಲೆ ಹೊಲಿದದ್ದನ್ನು ಜನ ಅವಳ ಜೀವನದಲ್ಲೇ ನಡೆದದ್ದೆಂದು ನಂಬಿದರು.

ಈ ಚಿತ್ರವನ್ನು ಮೆಚ್ಚುವಾಗ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾಗದು. ಅದರಲ್ಲಿ ಧೈರ್ಯವಿದೆ, ದ್ವೇಷವೂ ಇದೆ. ಆಗ ಇಂಗ್ಲೆಂಡಿನಲ್ಲಿ ಕ್ಯಾಥೊಲಿಕರು ಚರ್ಚಿಗೆ ಬರಲಿಲ್ಲವೆಂದು ದಂಡ ತೆರುತ್ತಿದ್ದರು, ಅವರ ಪಾದ್ರಿಗಳನ್ನು ಗಲ್ಲಿಗೇರಿಸಿದ ನೆನಪು ಹಸಿಯಾಗಿತ್ತು. ಅಂಥ ಜನರನ್ನು ಸೈತಾನನ ಪಂಕ್ತಿಯಲ್ಲಿ ಕೂರಿಸಿದ ಚಿತ್ರ ಅವರ ಪಾಲಿಗೆ ಏನಾಗಿತ್ತೆಂದು ಊಹಿಸುವುದು ಕಷ್ಟವಲ್ಲ. ದೊರೆಗೆ ಎದುರಾಗಿ ನಿಲ್ಲಬಲ್ಲ ವಾರ್ಡನಿಗೆ, ತನ್ನ ನೆರೆಯ ಕ್ಯಾಥೊಲಿಕನ ಭಯ ಕಾಣಿಸಲಿಲ್ಲ.

ಚಿತ್ರದ ಗಲಾಟೆಯ ಮರುವರ್ಷ ತೊಂದರೆ ಬೇರೆ ದಿಕ್ಕಿನಿಂದ ಬಂತು. ನಾರ್ವಿಚ್ಚಿನ ಬಿಷಪ್ ಹಾರ್ಸ್‌ನೆಟ್, ಚರ್ಚಿನ ವಿಧಿಗಳನ್ನು ಸರಿಯಾಗಿ ಪಾಲಿಸುತ್ತಿಲ್ಲವೆಂದು ವಾರ್ಡನ ಮೇಲೆ ಮೊಕದ್ದಮೆ ಹೂಡಿದ. ವಾರ್ಡ್ ದೊರೆಯವರೆಗೂ ಹೋದ. ದೊರೆ ವಿಷಯವನ್ನು ಲಾರ್ಡ್ ಕೀಪರ್, ಅಂದರೆ ರಾಜಮುದ್ರೆ ಕಾಯುವ ಮಂತ್ರಿ, ಜಾನ್ ವಿಲಿಯಮ್ಸ್‌ಗೆ ಒಪ್ಪಿಸಿದ. ವಿಲಿಯಮ್ಸ್ ಅನುಭವಿ. ಇವನು ಪೂರ್ತಿ ನಿರ್ದೋಷಿಯಲ್ಲದಿದ್ದರೂ ಸೌಜನ್ಯದಿಂದ ನಡೆಸಿಕೊಂಡರೆ ಒಲಿಯುವ ಮನುಷ್ಯ ಎಂದು ಕಂಡುಕೊಂಡು ರಾಜಿ ಮಾಡಿಸಿದ. ಮುಂದಿನ ಹತ್ತು ಹನ್ನೆರಡು ವರ್ಷ ಇಪ್ಸ್‌ವಿಚ್ ಆ ರಾಜಿಯ ನೆರಳಲ್ಲಿ ತನ್ನ ಉಪದೇಶಕನನ್ನು ಉಳಿಸಿಕೊಂಡಿತು.

ಊರಿನ ಪುಸ್ತಕ ಭಂಡಾರದ ಕೆಲಸವನ್ನೂ ವಾರ್ಡ್ ಕೈಗೆತ್ತಿಕೊಂಡಿದ್ದ. ವಿಲಿಯಂ ಸ್ಮಾರ್ಟ್ ಎಂಬ ಪೋರ್ಟ್‌ಮನ್ 1599ರಲ್ಲಿ ತೀರಿಕೊಂಡಾಗ ತನ್ನ ಅಚ್ಚಿನ ಪುಸ್ತಕಗಳನ್ನೂ ಹಸ್ತಪ್ರತಿಗಳನ್ನೂ ಪಟ್ಟಣದ ಉಪದೇಶಕರ ಉಪಯೋಗಕ್ಕೆಂದು ಬರೆದಿಟ್ಟಿದ್ದ. ವಾರ್ಡನ ಕಾಲದಲ್ಲಿ ಅದಕ್ಕೆ ಪ್ರತ್ಯೇಕ ಕೋಣೆ ಬಂತು, ದಾನಿಗಳಿಂದ ಹೊಸ ಪುಸ್ತಕಗಳು ಸೇರಿದವು. ಮುಂದೆ ಆ ಭಂಡಾರ ಇಪ್ಸ್‌ವಿಚ್ ಶಾಲೆಗೆ ಸೇರಿತು. ವಾರ್ಡನ ಓದು ಧರ್ಮಶಾಸ್ತ್ರಕ್ಕೆ ನಿಂತಿರಲಿಲ್ಲ ಎಂಬುದಕ್ಕೆ ಸಾಕ್ಷಿ 1637ರಲ್ಲಿ ಲ್ಯಾಟಿನ್ನಿನಲ್ಲಿ ಬಂದ ಸೂಜಿಗಲ್ಲಿನ ಮೇಲಿನ ಅವನ ಪುಸ್ತಕ. ಇಪ್ಸ್‌ವಿಚ್ಚಿಗೆ ಸಮೀಪದ ಕೋಲ್ಚೆಸ್ಟರ್‌ನಲ್ಲಿ ಹುಟ್ಟಿದ ವಿಲಿಯಂ ಗಿಲ್ಬರ್ಟ್, ಭೂಮಿಯೇ ಒಂದು ದೊಡ್ಡ ಅಯಸ್ಕಾಂತ ಎಂದು 1600ರಲ್ಲಿ ಸಾರಿದ್ದ. ದಿಕ್ಸೂಚಿ ನಂಬಿ ಬದುಕುವ ನಾವಿಕರ ಊರಿನಲ್ಲಿ ಕೂತು ವಾರ್ಡ್ ಅಯಸ್ಕಾಂತದ ಒಂದೊಂದು ಗುಣವನ್ನೂ ಆತ್ಮ ದೇವರತ್ತ ತಿರುಗುವ ಬಗೆಗೆ ಹೋಲಿಸಿದ. ಪುಸ್ತಕವನ್ನು ದೊರೆ ಚಾರ್ಲ್ಸ್‌ಗೆ ಅರ್ಪಿಸಿದ. 1662ರಲ್ಲಿ ಇಂಗ್ಲೆಂಡಿನ ಗಣ್ಯರ ಬಗ್ಗೆ ಬರೆದ ಥಾಮಸ್ ಫುಲ್ಲರ್, ಜನರ ಪ್ರೀತಿ ಸೆಳೆಯುವ ವಿದ್ಯೆಯನ್ನು ವಾರ್ಡ್ ಆ ಕಲ್ಲಿನಿಂದಲೇ ಕಲಿತಿರಬೇಕೆಂದು ಮೆಚ್ಚಿ ನೆನೆದಿದ್ದಾನೆ.

ಆ ಪುಸ್ತಕ ಹೊರಬರುವ ಹೊತ್ತಿಗೆ ವಾರ್ಡನನ್ನು ವೇದಿಕೆಯಿಂದ ಇಳಿಸಿಯಾಗಿತ್ತು. 1633ರಲ್ಲಿ ವಿಲಿಯಂ ಲಾಡ್ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆದ. ಅದೇ ವರ್ಷ, ಭಾನುವಾರ ಪ್ರಾರ್ಥನೆಯ ಬಳಿಕ ಆಟಪಾಟಗಳಿಗೆ ಅಡ್ಡಿಯಿಲ್ಲವೆಂಬ ರಾಜಾಜ್ಞೆ ಮತ್ತೆ ಹೊರಟಿತು. ಭಾನುವಾರವೆಂದರೆ ಪೂರ್ತಿ ದೇವರಿಗೆ ಮೀಸಲು ಎಂದು ನಂಬಿದ್ದ ಪ್ಯೂರಿಟನ್ನರಿಗೆ ಇದನ್ನು ನುಂಗಿಕೊಳ್ಳಲಾಗಲಿಲ್ಲ. ಊರು ಬಿಟ್ಟು ಅಮೆರಿಕದ ಹೊಸ ವಸಾಹತಿಗೆ ಹೊರಡುವವರ ಸಾಲು ಬೆಳೆಯಿತು. 1634ರ ಫೆಬ್ರವರಿಯಲ್ಲಿ ಹೆನ್ರಿ ಡೇಡ್ ಎಂಬ ಅಧಿಕಾರಿ ಲಾಡ್‌ಗೆ ಕಾಗದ ಬರೆದು, ಇಪ್ಸ್‌ವಿಚ್‌ನಿಂದ ಜನ ತುಂಬಿಕೊಂಡು ಹೊರಡಲು ಎರಡು ಹಡಗು ಸಿದ್ಧವಾಗಿವೆ, ಇದಕ್ಕೆಲ್ಲ ವಾರ್ಡನ ಮಾತೇ ಕಾರಣ ಎಂದು ದೂರಿದ. 1635ರಲ್ಲಿ ವಾರ್ಡ್ ಹೈ ಕಮಿಷನ್ ಎಂಬ ಧರ್ಮ ನ್ಯಾಯಾಲಯದ ಮುಂದೆ ನಿಂತ. ಯೇಸುವಿನ ಹೆಸರು ಬಂದಾಗ ತಲೆಬಾಗುವುದನ್ನು ಟೀಕಿಸಿದ, ಭಾನುವಾರದ ಆಟದ ಆಜ್ಞೆಯನ್ನು ಖಂಡಿಸಿದ, ಸುವಾರ್ತೆ ತುದಿಗಾಲಲ್ಲಿ ನಿಂತು ದೇಶ ಬಿಡಲು ಕಾದಿದೆ ಎಂದ ಎಂಬೆಲ್ಲ ಆರೋಪಗಳು. ನ್ಯಾಯಾಲಯ ಅವನನ್ನು ಹುದ್ದೆಯಿಂದ ಅಮಾನತು ಮಾಡಿತು. ತಪ್ಪೊಪ್ಪಿಗೆಗೆ ಒಪ್ಪದೆ ಅವನು ಸೆರೆಮನೆ ಸೇರಿದ.

ಇಲ್ಲಿ ಊರು ನಡೆದುಕೊಂಡ ರೀತಿ ನನ್ನ ಮಟ್ಟಿಗೆ ಈ ಕಥೆಯ ತಿರುಳು. ವಾರ್ಡನ ಜಾಗಕ್ಕೆ ಬೇರೊಬ್ಬನನ್ನು ತರುವ ಅವಕಾಶ ಬಂದಾಗ ಇಪ್ಸ್‌ವಿಚ್ಚಿನವರು ಒಲ್ಲೆವೆಂದರು. ಮಾತಿಲ್ಲದ ವೇದಿಕೆಯನ್ನು ಸಹಿಸಿಕೊಂಡರೇ ಹೊರತು ಹೇಳಿಕೊಟ್ಟದ್ದನ್ನು ಒಪ್ಪಿಸುವ ದನಿಗೆ ದುಡ್ಡು ಕೊಡಲು ಅವರು ಸಿದ್ಧರಿರಲಿಲ್ಲ. 1636ರಲ್ಲಿ ನಾರ್ವಿಚ್ಚಿನ ಹೊಸ ಬಿಷಪ್ ಮ್ಯಾಥ್ಯೂ ರೆನ್ ವಿರುದ್ಧ ಪಟ್ಟಣದಲ್ಲಿ ಗಲಭೆಯೇ ನಡೆಯಿತು. ಅದೇ ವರ್ಷ ಇಪ್ಸ್‌ವಿಚ್ಚಿನ ಸುದ್ದಿ ಎಂಬ ಹೆಸರಿನಲ್ಲಿ ರೆನ್‌ನನ್ನೂ ಬಿಷಪ್ಪರನ್ನೂ ಝಾಡಿಸುವ ಕರಪತ್ರ ದೇಶದಲ್ಲೆಲ್ಲ ಹರಿದಾಡಿತು. ಅದನ್ನು ಬರೆದವನೆಂದು ಹೆಸರಾದ ವಕೀಲ ವಿಲಿಯಂ ಪ್ರಿನ್ 1637ರಲ್ಲಿ ಇನ್ನಿಬ್ಬರೊಂದಿಗೆ ಕಿವಿ ಕತ್ತರಿಸುವ ಶಿಕ್ಷೆ ಅನುಭವಿಸಿದ. ಇನ್ನೈದು ವರ್ಷದಲ್ಲಿ ದೊರೆಗೂ ಪಾರ್ಲಿಮೆಂಟಿಗೂ ನಡುವೆ ಯುದ್ಧ ಹೊತ್ತಿಕೊಂಡಾಗ ಈ ಸೀಮೆ ಯಾವ ಪಕ್ಷ ಹಿಡಿಯಿತೆಂದು ಯಾರಿಗೂ ಆಶ್ಚರ್ಯವಾಗಲಿಲ್ಲ.

ಆ ಯುದ್ಧವನ್ನು ವಾರ್ಡ್ ನೋಡಲಿಲ್ಲ. ಸೆರೆಯಿಂದ ಹೊರಬಂದು 1638ರ ಹೊತ್ತಿಗೆ ಅವನು ಮತ್ತೆ ಇಪ್ಸ್‌ವಿಚ್ಚಿನಲ್ಲಿದ್ದ. 1640ರ ಮಾರ್ಚ್ 8ರಂದು ಅವನನ್ನು ತನ್ನ ಚರ್ಚಿನಲ್ಲೇ ಮಣ್ಣು ಮಾಡಿದರು. ಅವನಿಗೆ ಕೊಡುತ್ತಿದ್ದ ಸಂಬಳವನ್ನು ಹೆಂಡತಿ ಡೆಬೊರಾಗೂ ಹಿರಿಯ ಮಗನಿಗೂ ಅವರ ಜೀವಮಾನದ ತನಕ ಕೊಡಲು ಊರು ತೀರ್ಮಾನಿಸಿತು. 1620ರಲ್ಲಿ ಬರೆಸಿದ ಅವನ ಭಾವಚಿತ್ರ ಇಪ್ಸ್‌ವಿಚ್ಚಿನ ಕ್ರೈಸ್ಟ್‌ಚರ್ಚ್ ಮ್ಯಾನ್ಶನ್‌ನಲ್ಲಿ ಉಳಿದಿದೆ. ಅದರ ಹಿನ್ನೆಲೆಯಲ್ಲಿ ಶತ್ರು ಬಂದಾಗ ಕರಾವಳಿಯಲ್ಲಿ ಹೊತ್ತಿಸುತ್ತಿದ್ದ ಎಚ್ಚರಿಕೆಯ ಬೆಂಕಿ ಉರಿಯುತ್ತಿದೆ. ಅವನ ಪ್ರವಚನಗಳನ್ನು ಸಫೋಕ್‌ನ ಇನ್ನೊಬ್ಬ ಪಾದ್ರಿ, ಮುಂದೆ ಲಿವರ್‌ಪೂಲಿನ ಬಿಷಪ್ ಆದ ಜೆ. ಸಿ. ರೈಲ್, 1862ರಲ್ಲಿ ಜೀವನಚರಿತ್ರೆಯೊಂದನ್ನು ಸೇರಿಸಿ ಮತ್ತೆ ಬೆಳಕಿಗೆ ತಂದ.

ಮನೆತನದ ಮಾತು ಮಾತ್ರ ಸಮುದ್ರ ದಾಟಿ ಬೇರೆ ರೂಪ ಪಡೆಯಿತು. ಸ್ಯಾಮುಯೆಲನ ತಮ್ಮ ನಥಾನಿಯಲ್ ವಾರ್ಡ್ ಮೊದಲು ಕಾನೂನು ಓದಿ ಬಳಿಕ ಪಾದ್ರಿಯಾದವನು. 1618ರ ಆ ನ್ಯಾಯದ ಪ್ರವಚನವನ್ನು ಅಚ್ಚಿಗೆ ಕಳಿಸಿದ್ದೂ ಅವನೇ. ಲಾಡ್ ಅವನನ್ನು 1633ರಲ್ಲಿ ಹುದ್ದೆಯಿಂದ ತೆಗೆದ. ಮರುವರ್ಷ ಅವನು ಮ್ಯಾಸಚೂಸೆಟ್ಸ್‌ಗೆ ಹೋಗಿ, ಆಗಷ್ಟೇ ಇಪ್ಸ್‌ವಿಚ್ ಎಂದು ನಾಮಕರಣವಾಗಿದ್ದ ಊರಿನಲ್ಲಿ ಪಾದ್ರಿಯಾದ. ಅವನ ಮಗ ಜಾನ್ ಉಪದೇಶಕನಾಗಿ ನಿಂತ ಇನ್ನೊಂದು ಊರಿಗೆ ಹೇವರಿಲ್ ಎಂದೇ ಹೆಸರಾಯಿತು. ವಸಾಹತಿಗೊಂದು ಲಿಖಿತ ಕಾನೂನು ಬೇಕೆಂದಾಗ ನಥಾನಿಯಲ್ ಅದನ್ನು ರಚಿಸಿಕೊಟ್ಟ. 1641ರ ಡಿಸೆಂಬರ್‌ನಲ್ಲಿ ಅಂಗೀಕಾರವಾದ ಆ ಸ್ವಾತಂತ್ರ್ಯಗಳ ಸಂಹಿತೆ, ನ್ಯೂ ಇಂಗ್ಲೆಂಡಿನ ವಸಾಹತುಗಾರರು ಬರೆದುಕೊಂಡ ಮೊದಲ ಕಾನೂನು ಸಂಗ್ರಹಗಳಲ್ಲಿ ಒಂದು. ಊರಿನ ಸಭೆಗೆ ಯಾರು ಬೇಕಾದರೂ ಬಂದು ಮಾತಾಡಬಹುದು, ದೂರು ಕೊಡಬಹುದು, ಪರಸ್ಥಳದವನಾದರೂ ಸರಿ ಎಂದು ಅದರಲ್ಲಿದೆ. ಕಾನೂನಿನ ಆಧಾರವಿಲ್ಲದೆ ಯಾರ ಪ್ರಾಣವನ್ನೂ ಸೊತ್ತನ್ನೂ ಮುಟ್ಟುವಂತಿಲ್ಲ ಎಂದಿದೆ. ಮನುಷ್ಯರಿಗಾಗಿ ದುಡಿಯುವ ಪ್ರಾಣಿಗಳನ್ನು ಹಿಂಸಿಸುವಂತಿಲ್ಲ ಎಂದೂ ಇದೆ. ಪ್ರಾಣಿಗಳ ಆ ಕಲಮಿಗೆ ತೀರಾ ಸಮೀಪದ ಇನ್ನೊಂದು ಕಲಮು, ಯುದ್ಧದಲ್ಲಿ ಸೆರೆಸಿಕ್ಕವರನ್ನೂ ಮಾರಾಟವಾಗಿ ಬಂದವರನ್ನೂ ಗುಲಾಮರಾಗಿ ಇಟ್ಟುಕೊಳ್ಳಲು ಅವಕಾಶ ಕೊಡುತ್ತದೆ.